ನಾಲ್ಕು ದಿನದ ಬುತ್ತಿ

ಒಂದು ಬಟ್ಟೆಯ ನಾಲ್ಕು ಮೂಲೆಗಳನ್ನೆತ್ತಿ ಡಬ್ಬಿಯ ನೆತ್ತಿಯ ಮೇಲೆ ಗಂಟು ಹಾಕುವುದರಲ್ಲಿ ಅಂಥ ವಿದ್ಯೆ ಏನಿದೆ ಎಂದು ನೀವು ಕೇಳಬಹುದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನೂ ಹಾಗೆಯೇ ತಿಳಿದಿದ್ದೆ, ತಿಳಿದು ಕೆಟ್ಟೆ. ಈಗ ನನ್ನ ಖಚಿತ ಅಭಿಪ್ರಾಯವೆಂದರೆ, ಮನುಷ್ಯನ ಸಹಿಯನ್ನು ಬೇಕಾದರೆ ನಕಲು ಮಾಡಬಹುದು, ಅವನು ಕಟ್ಟಿದ ಬುತ್ತಿಯ ಗಂಟನ್ನು ಮಾಡಲಾಗದು. ನಮ್ಮವ್ವ ಗಂಟು ಹಾಕಿದರೆ ಬಟ್ಟೆಯ ತುದಿಗಳೆರಡೂ ಮೊಲದ ಕಿವಿಯಂತೆ ನಿಮಿರಿ ನಿಲ್ಲುತ್ತವೆ. ಒಂದನ್ನು ಎಳೆದರೆ ಸಾಕು, ತಾನಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ತಂಗಿ ನೀಲಾ ಆ ತುದಿಗಳನ್ನು ಗಂಟಿನ ಹೊಟ್ಟೆಯೊಳಗೇ ತುರುಕಿ, ಏನೂ ನಡೆದಿಲ್ಲವೆಂಬಂತೆ ಮೇಲೆ ಒತ್ತಿಬಿಡುತ್ತಾಳೆ. ಇನ್ನು ನನ್ನದು ಟೇಲರನ ಗಂಟು: ಗುಂಡಿ ಹಚ್ಚಿ ದಾರ ಬಿಗಿದ ಹಾಗೆ ಮೂರು ಸುತ್ತು ಸುತ್ತಿ ಜಗ್ಗುತ್ತೇನೆ, ಆಮೇಲೆ ಅದನ್ನು ಬಿಚ್ಚಲು ಉಗುರು ಸಾಲದೆ ಹಲ್ಲು ಬೇಕಾಗುತ್ತದೆ.

ನಾನು ತಾವರಗೇರಾದ ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಇಟ್ಟುಕೊಂಡವನು. ಸಾಲೆಯಲ್ಲಿ ಓದಿದ್ದು ಏಳನೆಯ ತರಗತಿಯವರೆಗೆ. ಉಳಿದ ವಿದ್ಯೆಯನ್ನೆಲ್ಲ ಗಿರಾಕಿಗಳ ಬಟ್ಟೆ ಸುತ್ತಿಕೊಡಲು ತರಿಸುವ ರದ್ದಿ ಪತ್ರಿಕೆಗಳಿಂದ ಸಂಪಾದಿಸಿದ್ದೇನೆ. ಓದದೆ ಒಂದು ಹಾಳೆಯನ್ನೂ ಸುತ್ತಿಕೊಟ್ಟವನಲ್ಲ. ಹೀಗಾಗಿ ನನ್ನ ಜ್ಞಾನ ವಿಶಾಲವಾಗಿದೆ, ಆದರೆ ಸದಾ ಮೂರು ತಿಂಗಳು ಹಿಂದಿರುತ್ತದೆ. ಮತ್ತು ಒಳಪುಟಕ್ಕೆ ಮುಂದುವರಿದ ಲೇಖನಗಳೆಲ್ಲ ಯಾರದೋ ಅಂಗಿಯ ಜೊತೆ ಹೊರಟುಹೋದ್ದರಿಂದ ನನ್ನ ಮಟ್ಟಿಗೆ ಇನ್ನೂ ಮುಗಿದಿಲ್ಲ. ಇಂಥವನು ಕಾಲೇಜಿನ ಮಕ್ಕಳಿಗೆ ಯಾವ ಗುಣ ಬೇಕು ಎಂದು ಬರೆಯಲು ಕೂರುವುದು ಅಧಿಕಪ್ರಸಂಗವೇ ಸರಿ. ಆದರೆ ಒಳಗೆ ಹೋಗಿ ಓದಿದವರಿಗೆ ಕಾಣದ ಒಂದು ಸಂಗತಿ ಹೊರಗೆ ನಿಂತವನಿಗೆ ಕಂಡಿರುತ್ತದೆ. ಅದನ್ನು ಹೇಳಲು ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗಿದೆ. ಅದಕ್ಕೇ ಇಷ್ಟು ಸುತ್ತು ಹಾಕುತ್ತಿದ್ದೇನೆ.

ನೀಲಾ ಈಗ ಯಲಬುರ್ಗಾದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಈಚೆಗೆ ಕೊಪ್ಪಳದ ಕಾಲೇಜೊಂದರವರು ಹೊಸದಾಗಿ ಸೇರಿದ ಮಕ್ಕಳಿಗೆ ನಾಲ್ಕು ಮಾತು ಹೇಳಲು ಆಕೆಯನ್ನು ಕರೆದರು. ಆಕೆ ನಮ್ಮನ್ನು ಕರೆದಳು.

"ಯಣ್ಣಾ, ಶನಿವಾರ ನೀನೂ ಅವ್ವನೂ ಬರಬೇಕು ನೋಡು. ಹೊಸಾ ಅಂಗಿ ಹೊಲಕೊಂಡು ಬಾ" ಎಂದು ಫೋನಿನಲ್ಲಿ ಅಂದಳು.

"ಊರಿಗೆಲ್ಲಾ ಹೊಲಿಯಾವ ನಾ, ನನಗ ಯಾವಾಗ ಹೊಲ್ಕೊಳ್ಳಲಿ?" ಎಂದೆ.

"ಊರವರಿಗೂ ಹಿಂಗ ಹೇಳ್ತೀಯಂತ, ಸುದ್ದಿ ಬಂದೈತಿ" ಎಂದು ನಕ್ಕಳು.

ಕಾಲೇಜಿನ ಸಭಾಂಗಣದಲ್ಲಿ ವೇದಿಕೆಯ ಹಿಂದೆ ದೊಡ್ಡ ಬ್ಯಾನರ್ ಕಟ್ಟಿದ್ದರು. ಅದರ ಮೇಲೆ ಯಶಸ್ವಿ ವಿದ್ಯಾರ್ಥಿಗೆ ಬೇಕಾದ ಹತ್ತು ಗುಣಗಳು. ಕಾರ್ಯಕ್ರಮ ಶುರುವಾಗಲು ತಡವಿತ್ತು. ಓದಲು ಏನಾದರೂ ಸಿಕ್ಕರೆ ಬಿಡದ ನಾನು ಆ ಹತ್ತನ್ನೂ ನನಗೇ ಹಚ್ಚಿ ನೋಡಿಕೊಂಡೆ. ಮೊದಲನೆಯದು ಸಮಯಪಾಲನೆ. ಹೇಳಿದ ದಿನಕ್ಕೆ ಅಂಗಿ ಕೊಟ್ಟ ಟೇಲರನನ್ನು ನೀವು ಕಂಡಿದ್ದರೆ ಅವನು ನಾನಲ್ಲ. ನಮ್ಮೂರಲ್ಲಿ ಒಬ್ಬ ಮದುಮಗ ಹಳೆಯ ಅಂಗಿಯಲ್ಲೇ ತಾಳಿ ಕಟ್ಟಿದ್ದಕ್ಕೆ ನಾನು ಕಾರಣ. ಆತ್ಮವಿಶ್ವಾಸ ಬೇಕೆಂದಿತ್ತು. ಅದು ನನ್ನಲ್ಲಿ ಧಾರಾಳವಾಗಿದೆ: ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸಿದ್ದೇನೆ, ಅದರ ಫಲವನ್ನು ಕೆಲವರು ಈಗಲೂ ತೊಟ್ಟುಕೊಂಡು ಓಡಾಡುತ್ತಾರೆ. ಹೀಗೆ ನಗುನಗುತ್ತ ಕೆಳಗಿಳಿಯುತ್ತಿದ್ದವನು ಏಳನೆಯ ಗುಣದ ಹತ್ತಿರ ನಿಂತುಬಿಟ್ಟೆ. ಪ್ರಾಮಾಣಿಕತೆ ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದರು. ಏಳನೆಯ ತರಗತಿಯ ನಂತರ ಏಳು ಎಂಬ ಅಂಕಿ ನನಗೆ ಮತ್ತೊಮ್ಮೆ ಅಡ್ಡ ಬಂದದ್ದು ಆಗಲೇ.

ನೀಲಾ ಮಾತಿಗೆ ನಿಂತಳು. ಬ್ಯಾನರಿನ ಕಡೆ ತಿರುಗಿ, "ಇಲ್ಲಿರೋ ಹತ್ತು ಗುಣದಾಗ ನಾ ಕಾಲೇಜಿಗೆ ಬಂದಾಗ ಆರು ನನಗ ಇರಲಿಲ್ಲ. ಉಳಿದ ನಾಲ್ಕು ಯಾವು ಅಂತ ಈಗೂ ಹುಡುಕಾಕತ್ತೀನಿ" ಎಂದಾಗ ಮಕ್ಕಳು ಹೋ ಎಂದರು. ಆಮೇಲೆ ಆಕೆ ತಾನು ಓದಿದ ಗಂಗಾವತಿಯ ಬಸ್ ನಿಲ್ದಾಣಕ್ಕೆ ಹೋದಳು, ಅಂದರೆ ಮಾತಿನಲ್ಲಿ.

ನಮ್ಮ ಕಡೆಯವರಿಗೆ ಈ ಪದ್ಧತಿ ಗೊತ್ತಿದೆ, ಉಳಿದವರಿಗೆ ಹೇಳುತ್ತೇನೆ. ಹಳ್ಳಿಯ ಮಕ್ಕಳು ಪಟ್ಟಣದಲ್ಲಿ ರೂಮು ಮಾಡಿಕೊಂಡು ಓದುವಾಗ ಅವರ ಬುತ್ತಿ ಬಸ್ಸಿನಲ್ಲಿ ಹೋಗುತ್ತದೆ. ತಾಯಂದಿರು ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಪಲ್ಯ ಹಾಕಿ, ಡಬ್ಬಿಗೆ ಬಟ್ಟೆ ಕಟ್ಟಿ ಕಳಿಸುತ್ತಾರೆ. ಮೊದಲ ಬಸ್ಸಿನ ಡ್ರೈವರನ ಪಕ್ಕ, ಎಂಜಿನ್ನಿನ ಬಿಸಿಯ ಹತ್ತಿರ, ಹತ್ತು ಹದಿನೈದು ಗಂಟುಗಳು ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತವೆ. ಆ ತುದಿಯಲ್ಲಿ ಮಕ್ಕಳು ಕಾದಿದ್ದು ತಮ್ಮ ತಮ್ಮ ಬಟ್ಟೆಯ ಗುರುತು ಹಿಡಿದು ಎತ್ತಿಕೊಳ್ಳುತ್ತಾರೆ. ಸಂಜೆ ಬಸ್ಸಿಗೆ ತೊಳೆದ ಡಬ್ಬಿ ವಾಪಸು. ಮೂರು ವರ್ಷ ನೀಲಾಳ ಡಬ್ಬಿಯನ್ನು ಅವ್ವ ನನ್ನ ಕೈಗೆ ಕೊಡುತ್ತಿದ್ದಳು, ನಾನು ಅಂಗಡಿಗೆ ಹೋಗುವ ದಾರಿಯಲ್ಲಿ ಅದನ್ನು ಏಳು ಗಂಟೆಯ ಗಂಗಾವತಿ ಬಸ್ಸಿಗೆ ಇಡುತ್ತಿದ್ದೆ.

"ಬಸ್ಸು ಬರೋತನಕಾ ಕಾಯೋದು ಕಲತೆ," ಎಂದಳು ನೀಲಾ. "ಮೊದಮೊದಲು ನನ್ನ ಡಬ್ಬಿಯೊಳಗ ಬರೇ ರೊಟ್ಟಿ ಚಟ್ನಿ ಅಂತ ನಾಚಿ, ಗ್ವಾಡಿ ಕಡೆ ಮುಖ ಮಾಡಿ ಉಣ್ಣತಿದ್ದೆ. ಒಂದ್ಸಲ ಅವ್ವಗ ಜ್ವರ ಬಂದು ಬುತ್ತಿನ ಬರಲಿಲ್ಲ. ಅವತ್ತು ಬಾಜೂಕಿನ ಹುಡುಗಿಗೆ, ನನಗ ಹಸಿವಾಗೈತಿ ಅಂದೆ. ಆ ಮಾತು ಹೇಳಾಕ ಬಂದ ಮ್ಯಾಲೆ ಕ್ಲಾಸಿನೊಳಗ, ಸರ್, ಇದು ನನಗ ತಿಳೀಲಿಲ್ರಿ ಅಂತ ಹೇಳೋದು ಸಸಾರ ಆತು. ಕೇಳಾಕ ನಾಚಬ್ಯಾಡ್ರಿ. ಇಷ್ಟ ನನ್ನ ಗುಣ." ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಬದುಕುತ್ತಿದ್ದೆ. ಆಕೆ ನಮ್ಮ ಸಾಲಿನತ್ತ ಕೈ ತೋರಿಸಿದಳು. "ಅಲ್ಲಿ ಕುಂತಾನಲ್ರಿ, ನಮ್ಮಣ್ಣ. ನನ್ನ ಸಲುವಾಗಿ ತನ್ನ ಸಾಲಿ ಬಿಟ್ಟ. ಮೂರು ವರ್ಷ ಒಂದು ದಿನಾನೂ ತಪ್ಪಸದ ನನ್ನ ಬುತ್ತಿ ಬಸ್ಸಿಗೆ ಇಟ್ಟ."

ಸಭೆಯೆಲ್ಲ ತಿರುಗಿ ನೋಡಿತು. ಪಕ್ಕದಲ್ಲಿ ಅವ್ವ ಕೂಡ ತಿರುಗಿ ನನ್ನನ್ನು ನೋಡಿದಳು. ನೋಡಿ, ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ನಿಧಾನವಾಗಿ ಒಂದು ಗಂಟು ಹಾಕಿದಳು.

"ಎದ್ದು ನಿಂದ್ರೋ ಹನಮ್ಯಾ, ಚಪ್ಪಾಳಿ ಬಡಿಯಾಕತ್ತಾರ" ಎಂದಳು.

ನಿಂತೆ. ಕೈಯನ್ನೂ ಮುಗಿದೆ.

ಓದುಗ ಮಿತ್ರರೇ, ಆ ಎರಡು ವಾಕ್ಯಗಳಲ್ಲಿ ಎರಡೂ ನಿಜವಲ್ಲ. ತಂಗಿಗಾಗಿ ನಾನು ಸಾಲೆ ಬಿಡಲಿಲ್ಲ. ಭಿನ್ನರಾಶಿಗೆ ಹೆದರಿ ಬಿಟ್ಟೆ. ಮುಂದೆ ನೀಲಾ ಓದತೊಡಗಿದಾಗ ಊರವರೇ ನನ್ನ ಓಟಕ್ಕೆ ತ್ಯಾಗದ ಅಂಗಿ ತೊಡಿಸಿದರು, ಅದು ನನ್ನ ಮೈಗೆ ಸರಿಯಾಗಿ ಕೂತಿತೆಂದು ನಾನು ಬಿಚ್ಚಲಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು.

ಆಕೆ ಮೊದಲ ವರ್ಷದಲ್ಲಿದ್ದಾಗ ಒಂದು ಸೋಮವಾರ ನಾನು ಏಳುವುದು ತಡವಾಗಿ ಬಸ್ಸು ಹೋಗಿಬಿಟ್ಟಿತು. ಡಬ್ಬಿ ಹಿಡಿದು ಅಂಗಡಿಗೆ ಹೋದೆ. ಮಧ್ಯಾಹ್ನ ಹಸಿವಾಯಿತು, ಬಿಚ್ಚಿದೆ. ಮೆತ್ತಗಿನ ರೊಟ್ಟಿಗಳು, ಎಣ್ಣೆ ತೇಲುವ ಬದನೆಕಾಯಿ ಎಣಗಾಯಿ, ಎಲೆಯಲ್ಲಿ ಕಟ್ಟಿದ ಶೇಂಗಾ ಚಟ್ನಿ. ಮನೆಯಲ್ಲಿ ನಾನು ತಿನ್ನುತ್ತಿದ್ದುದೂ ಅದೇ ಕೈಯ ಅಡುಗೆ; ಆದರೆ ನಾನು ಬೆಳಿಗ್ಗೆ ಒಲೆಯ ಪಕ್ಕ ನಿಂತು ಒಂದು ರೊಟ್ಟಿ ಮುರಿದು ತಿಂದು ಓಡುವವನು. ನನಗೆಂದು ಯಾರೂ ಎಂದೂ ಬಟ್ಟೆ ಹಾಸಿ, ಬಿಸಿ ಆರದಂತೆ ಸುತ್ತಿ, ಕಿವಿ ನಿಮಿರಿಸಿ ಗಂಟು ಹಾಕಿರಲಿಲ್ಲ. ಆ ಗಂಟನ್ನು ಎಳೆದಾಗ ಬಿಚ್ಚಿಕೊಂಡ ರೀತಿಗೇ ನನಗೆ ಕಣ್ಣಲ್ಲಿ ನೀರು ಬಂತು, ಹೊಟ್ಟೆಯಲ್ಲಿ ಕಿಚ್ಚೂ ಬಂತು. ಓದುವವರಿಗೆ ಮಾತ್ರ ಬುತ್ತಿಯೇ? ಸೋಮವಾರದ್ದು ತಪ್ಪು. ಮಂಗಳವಾರ ಬಸ್ಸು ಎದುರಿಗೇ ನಿಂತಿತ್ತು, ನಾನು ಡಬ್ಬಿಯನ್ನು ಮಿಷನ್ನಿನ ಕೆಳಗೆ ಇಟ್ಟೆ, ಅದು ಪಾಪ. ಬುಧವಾರವೂ ಹಾಗೆಯೇ. ಗುರುವಾರ ಅಮಾವಾಸ್ಯೆ, ರೊಟ್ಟಿಯ ಮೇಲೆ ಎರಡು ಹೋಳಿಗೆ ಇದ್ದವು. ಎರಡನ್ನೂ ತಿಂದೆ. ಪ್ರತಿ ಸಂಜೆ ಡಬ್ಬಿ ತೊಳೆದು, ಬಟ್ಟೆ ಕಟ್ಟಿ, ಗಂಗಾವತಿಯಿಂದ ಬಂತೆಂದು ಅವ್ವನ ಕೈಗೆ ಕೊಟ್ಟೆ.

ಮನೆಗೆಲ್ಲ ಒಂದೇ ಫೋನಿತ್ತು, ಅದು ನನ್ನ ಕಿಸೆಯಲ್ಲಿತ್ತು. ಮಂಗಳವಾರ ನೀಲಾ ಗೆಳತಿಯ ಫೋನಿನಿಂದ ಕೇಳಿದಳು: "ಯಣ್ಣಾ, ಎರಡು ದಿನ ಆತು, ಬುತ್ತಿ ಬಂದಿಲ್ಲ. ಅವ್ವ ಛಲೋ ಅದಾಳಿಲ್ಲೋ?"

"ಅವ್ವಗ ಸ್ವಲ್ಪ ಜ್ವರ. ನೀ ಬರಾಕ ಹೋಗಬ್ಯಾಡ, ಪರೀಕ್ಷೆ ಐತೆಂತಲ್ಲ, ಓದ್ಕೊ" ಎಂದೆ. ಎಷ್ಟು ಕಾಳಜಿಯ ಅಣ್ಣ ನೋಡಿ.

ಗುರುವಾರ ಸಂಜೆ ಅವ್ವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಬಿಚ್ಚಲಿಲ್ಲ.

"ಇದು ನೀಲಾನ ಗಂಟಲ್ಲ" ಎಂದಳು.

"ಆಕಿ ಗೆಳತಿ ಯಾರರೆ ಕಟ್ಟಿರಬೇಕು."

"ನಾಲ್ಕೂ ದಿನಾ?"

ಅಂದರೆ ಸೋಮವಾರವೇ ಆಕೆಗೆ ಗೊತ್ತಾಗಿತ್ತು. ನಾನಾಗಿ ಹೇಳಲೆಂದು ಕಾದಿದ್ದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತೆ. ಬೈಯಲಿಲ್ಲ. ಶುಕ್ರವಾರ ಬೆಳಿಗ್ಗೆ ಬಾಗಿಲ ಹತ್ತಿರ ಎರಡು ಗಂಟುಗಳಿದ್ದವು, ಎರಡಕ್ಕೂ ಮೊಲದ ಕಿವಿ.

"ಇದು ಆಕಿದು. ಇದು ನಿಂದು," ಎಂದಳು. "ನೀನೂ ದುಡಿಯಾಕ ಹೋಗಾವ. ನನಗ ತಿಳೀಲಿಲ್ಲಪ್ಪ."

ತಪ್ಪು ಮಾಡಿದವನು ನಾನು, ತಿಳಿಯಲಿಲ್ಲ ಎಂದವಳು ಆಕೆ. ಕೂಲಿಗೆ ಹೋಗುವ ಮೊದಲು ಎರಡನೆಯ ಡಬ್ಬಿಗೂ ರೊಟ್ಟಿ ಬಡಿಯಲು ಆಕೆ ಅಂದಿನಿಂದ ಇನ್ನೂ ಮೊದಲೇ ಏಳತೊಡಗಿದಳು. ಮರು ಭಾನುವಾರ ನೀಲಾ ಊರಿಗೆ ಓಡಿಬಂದು, ಹೊಸ್ತಿಲಲ್ಲೇ ಹಣೆ ಮುಟ್ಟಿ, "ಜ್ವರ ಇಳೀತೇನಬೇ?" ಎಂದು ಕೇಳಿದಾಗ ಅವ್ವ ಒಂದು ಕ್ಷಣ ನನ್ನ ಕಡೆ ನೋಡಿ, "ಇಳೀತವ್ವ" ಎಂದಳು. ಸುಳ್ಳು ಹೇಳಿದ್ದನ್ನು ನಾನು ಕಂಡಿರದ ಹೆಂಗಸು ಅಂದು ನನಗಾಗಿ ಒಂದು ಜ್ವರವನ್ನೇ ತನ್ನ ಮೈಮೇಲೆ ತೆಗೆದುಕೊಂಡಳು. ಆಮೇಲಿನ ದಿನಗಳಲ್ಲಿ ಒಂದು ಡಬ್ಬಿಯನ್ನೂ ನಾನು ತಪ್ಪಿಸಿಲ್ಲ. ಆದರೆ ಆ ನಾಲ್ಕು ದಿನಗಳು ಯಾವ ಬಸ್ಸನ್ನೂ ಹತ್ತದೆ ನನ್ನ ಹತ್ತಿರವೇ ಉಳಿದವು.

ಕೊಪ್ಪಳದಿಂದ ಮೂವರೂ ಕೂಡಿ ಊರಿಗೆ ಹೊರಟೆವು. ಅವ್ವ ಕಿಟಕಿಯ ಪಕ್ಕ ಕಣ್ಣು ಮುಚ್ಚಿದ್ದಳು, ನೀಲಾ ನಡುವೆ, ನಾನು ಅಂಚಿಗೆ. ಕಾಲೇಜಿನವರು ಹೊದಿಸಿದ ಶಾಲನ್ನು ಆಕೆ ನನ್ನ ಹೆಗಲಿಗೆ ಹಾಕಿದ್ದಳು. ಕುಷ್ಟಗಿ ಬರುವವರೆಗೂ ಅದು ಬೆನ್ನಿಗೆ ಅಂಟಿದ ಬಿಸಿ ತಗಡಿನ ಹಾಗೆ ಸುಟ್ಟಿತು. ಅಲ್ಲಿ ಬಸ್ಸು ನಿಂತಾಗ ಬಾಯಿ ಬಿಟ್ಟೆ.

"ನೀಲಾ, ನೀ ಹೇಳಿದ್ದು ಖರೇ ಅಲ್ಲ. ಒಂದು ದಿನಾನೂ ತಪ್ಪಸಲಿಲ್ಲ ಅಂದೆಲ್ಲ."

"ಅಯ್ಯ, ಅವ್ವಗ ಜ್ವರ ಬಂದಾಗ ನಾಲ್ಕು ದಿನ ಬಂದಿರಲಿಲ್ಲ. ಅದಕ್ಕ ನೀ ಏನು ಮಾಡ್ತಿ?"

"ಅವ್ವಗ ಜ್ವರ ಬಂದಿರಲಿಲ್ಲ."

ಮಿಷನ್ನಿನ ಕೆಳಗಿನ ಡಬ್ಬಿಯಿಂದ ಹಿಡಿದು ಭಿನ್ನರಾಶಿಯವರೆಗೆ ಎಲ್ಲವನ್ನೂ ಹೇಳಿದೆ. ಆಕೆ ಮುಂದಿನ ಸೀಟಿನ ಕಂಬಿ ಹಿಡಿದು ಕೇಳಿದಳು.

"ಬಸ್ಸು ಖಾಲಿ ಆಗೋತನಕಾ ನಿಂದರತಿದ್ದೆ ನಾ," ಎಂದಳು ಕೊನೆಗೆ. "ಮುಂದಿನ ಬಸ್ಸಿಗೆ ಬಂದೀತೇನಂತ ಮತ್ತ ನಿಂದರತಿದ್ದೆ. ಅವ್ವ ಸತ್ತಗಿತ್ತಾಳೇನಂತ ಪರೀಕ್ಷೆಯೊಳಗ ಪೇಪರ್ ಮ್ಯಾಲೆ ಅತ್ತೀನಿ. ಆ ಸಲ ಮಾರ್ಕು ಎಷ್ಟು ಕಮ್ಮಿ ಬಿದ್ದಾವಂತ ನಿನಗ ಹೇಳಿಲ್ಲ."

ನಾನು ಮುಳುಗುವವನು ಹುಲ್ಲು ಹಿಡಿದ ಹಾಗೆ, "ಮತ್ತ ಆ ನಾಲ್ಕು ದಿನದಾಗನ ಕೇಳೋದು ಕಲತೆ ಅಂದೆಲ್ಲ. ಒಂದರ್ಥದಾಗ ಒಳ್ಳೇದ ಆತು" ಎಂದೆ.

"ಒಳ್ಳೇದು ಮಾಡಿದಾಕಿ ತನ್ನ ರೊಟ್ಟಿ ಮುರದು ಕೊಟ್ಟ ಹುಡುಗಿ. ಆಕಿ ಪುಣ್ಯಾನೂ ನೀ ತಿನ್ನಬ್ಯಾಡ."

ರಸ್ತೆಯ ಪಕ್ಕದ ಸಜ್ಜೆಯ ಹೊಲಗಳು ಎಷ್ಟೋ ಹಿಂದೆ ಹೋದ ಮೇಲೆ ಆಕೆ, ತಾನು ಕೇಳುತ್ತಿರುವುದು ತನಗೇ ನಾಚಿಕೆ ಎಂಬಂತೆ, ಸಣ್ಣ ದನಿಯಲ್ಲಿ ಕೇಳಿದಳು:

"ಏನೇನಿತ್ತು, ಡಬ್ಬಿಯೊಳಗ?"

ನಾನು ಮರೆಯುವುದುಂಟೇ? ಒಪ್ಪಿಸಿದೆ. ಸೋಮವಾರ ಎಣಗಾಯಿ, ಶೇಂಗಾ ಚಟ್ನಿ. ಮಂಗಳವಾರ ಪುಂಡಿಪಲ್ಯೆ, ಹಸಿ ಉಳ್ಳಾಗಡ್ಡಿ. ಬುಧವಾರ ಹೆಸರುಕಾಳಿನ ಪಲ್ಯೆ...

"ಮಡಕಿಕಾಳು" ಎಂದಿತು ಕಿಟಕಿಯ ಕಡೆಯಿಂದ ಒಂದು ದನಿ. ಅವ್ವ ಕಣ್ಣು ತೆರೆದಿರಲಿಲ್ಲ. "ಹೆಸರು ಅಲ್ಲ. ತಿಂದಾವಗ ನೆನಪಿಲ್ಲ, ಮಾಡಿದಾಕಿಗೆ ಐತಿ."

ನೀಲಾ ಮೊದಲು ಅತ್ತಳೋ ಮೊದಲು ನಕ್ಕಳೋ ನನಗೆ ಹೇಳಲು ಬರುವುದಿಲ್ಲ. ಕಂಡಕ್ಟರ್ ತಿರುಗಿ ನೋಡುವಷ್ಟು ಎರಡೂ ಆಯಿತು. ಗುರುವಾರದ ಹೋಳಿಗೆಯವರೆಗೂ ಕೇಳಿ, ಕಣ್ಣು ಒರೆಸಿಕೊಂಡು ತೀರ್ಪು ಕೊಟ್ಟಳು: "ಬರೋ ಸೋಮವಾರದಿಂದ ನಾಲ್ಕು ದಿನ ಯಲಬುರ್ಗಾ ಬಸ್ಸಿಗೆ ನನ್ನ ಬುತ್ತಿ ಬರಬೇಕು. ಅವ್ವ ಬಡಿಯಂಗಿಲ್ಲ, ವೈನಿ ಬಡಿಯಂಗಿಲ್ಲ. ನೀನ ಬಡೀಬೇಕು. ಹೋಳಿಗಿ ಮರೀಬ್ಯಾಡ."

ಹಾಗೆ ನಾನು ರೊಟ್ಟಿ ಬಡಿಯಲು ಕಲಿತೆ. ಅವ್ವ ಪಕ್ಕದಲ್ಲಿ ಕೂತು, "ನೀರು ಕಾಯಲಿ, ತಡಿ, ಅದು ಬಟ್ಟಿ ಅಲ್ಲ ಎಳದಂಗ ಎಳಿಯಾಕ" ಎಂದು ಪಾಠ ಹೇಳಿದಳು. ಮೊದಲ ದಿನದ ರೊಟ್ಟಿಗಳು ಅಂಗಿಯ ತೋಳಿನ ಆಕಾರಕ್ಕೆ ಬಂದವು. ನೀಲಾಳ ವೈನಿ, ಅಂದರೆ ನನ್ನ ಹೆಂಡತಿ, ನಗು ತಡೆಯಲಾರದೆ ಹಿತ್ತಲಿಗೆ ಹೋದಳು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು, ಆ ಬೆಳಗಿನ ಹೊಗೆಯಲ್ಲಿ ನಾನು ಬ್ಯಾನರಿನ ಹತ್ತು ಗುಣಗಳನ್ನು ಮತ್ತೆ ನೆನೆದೆ. ಅವೆಲ್ಲ ಓದುವ ಮಗುವಿಗೆ ಬೇಕಾದವೇ, ಒಪ್ಪಿದೆ. ಆದರೆ ಸಮಯಪಾಲನೆ ಅರ್ಧವಾದರೂ ಒಲೆಯ ಮುಂದಿರುವವಳಲ್ಲಿರಬೇಕು, ಪ್ರಾಮಾಣಿಕತೆ ಡಬ್ಬಿ ಒಯ್ಯುವವನಲ್ಲಿರಬೇಕು, ದಾರಿಯಲ್ಲಿ ನಿಲ್ಲಿಸಿ ಗಂಟುಗಳನ್ನು ಇಡಿಸಿಕೊಳ್ಳುವ ಡ್ರೈವರನಲ್ಲಿ ಯಾರೂ ಹೆಸರಿಡದ ಒಂದು ಗುಣವಿರಬೇಕು. ಇವರೆಲ್ಲರ ಗುಣಗಳ ಮೊತ್ತಕ್ಕೆ ಕೊನೆಯಲ್ಲಿ ಒಬ್ಬಳ ಹೆಸರಿನಲ್ಲಿ ಅಂಕಪಟ್ಟಿ ಬರುತ್ತದೆ. ಅದರಲ್ಲಿ ನನ್ನ ಪಾಲಿನ ಅಂಕಗಳು ನಾಲ್ಕು ದಿನ ಕಡಿಮೆ ಬಿದ್ದಿದ್ದರೂ ನೀಲಾ ಪಾಸಾದಳು. ಅದು ಯಾರ್ಯಾರ ದಯೆಯೋ ಎಂದು ಎಣಿಸಹೊರಟರೆ ಮುಖ ಕಾಣದ ಆ ಗಂಗಾವತಿಯ ಹುಡುಗಿಯ ತನಕ ಕೈ ಮುಗಿಯಬೇಕಾಗುತ್ತದೆ.

"ಏನೋ ಟೇಲರ್, ತಂಗಿ ಕಾಲೇಜಿನ ಮೇಡಂ ಆದ್ರೂ ಬುತ್ತಿ ಬಿಡವಲ್ಲಲ್ಲೋ?" ಎಂದ, ಡಬ್ಬಿ ಇಡಲು ಹೋದಾಗ, ಯಲಬುರ್ಗಾ ಬಸ್ಸಿನ ಡ್ರೈವರ್.

"ಹಳೇ ಬುತ್ತಿರೀ, ಈಗ ಮುಟ್ಟಾಕತ್ತೈತಿ" ಎಂದೆ.

ಮೂರು ಸಂಜೆ ಡಬ್ಬಿ ವಾಪಸು ಬಂತು, ಗಂಟಿನ ತುದಿಗಳು ಒಳಗೆ ಅಡಗಿದ್ದವು. ನಾಲ್ಕನೆಯ ಸಂಜೆ ಅವ್ವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬು ಗಂಟಿಕ್ಕಿದಳು.

"ಇದು ನೀಲಾನ ಗಂಟಲ್ಲ. ಹನಮ್ಯಾ, ಇದು ನಿಂದು."

ಬಗ್ಗಿ ನೋಡಿದೆ. ಮೂರು ಸುತ್ತು, ಮೇಲೆ ಜಗ್ಗಿದ ಬಿಗಿ. ನನ್ನದೇ ಗಂಟು.

"ನಾ ಕಟ್ಟಿಲ್ಲಬೇ! ನಿನ್ನಾಣಿ!"

"ಖರೇ ಹೇಳು. ಹೋಳಿಗಿ ಕಳಿಸಿದ್ಯೋ, ಮತ್ತ ತಿಂದ್ಯೋ?"

ತಪ್ಪಿದ್ದಾಗ ಬಿಟ್ಟವಳು ತಪ್ಪಿಲ್ಲದಾಗ ಹಿಡಿದಳು. ಬೇರೆ ದಾರಿ ಕಾಣದೆ ಯಲಬುರ್ಗಾಕ್ಕೆ ಫೋನು ಹಚ್ಚಿ ಅವ್ವನ ಕಿವಿಗೆ ಕೊಟ್ಟೆ. ಆ ಕಡೆಯ ನಗು ನನಗೂ ಕೇಳಿಸಿತು.

"ದಿನಾ ಮುಂಜಾನೆ ಅವನ ಗಂಟು ಹಲ್ಲಿಲೆ ಬಿಚ್ಚಿ ಬಿಚ್ಚಿ ಕಲತೀನಬೇ. ನಾಲ್ಕು ದಿನ ಸಾಕಾತು."

ಆದ್ದರಿಂದ ಮೊದಲಿಗೆ ಹೇಳಿದ ನನ್ನ ಖಚಿತ ಅಭಿಪ್ರಾಯವನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಕಲಿಯುವವರು ಏನನ್ನೂ ಕಲಿಯುತ್ತಾರೆ. ಅವ್ವ ಡಬ್ಬಿಯನ್ನು ನನ್ನತ್ತ ಸರಿಸಿದಳು. ಉಗುರು ಹಾಕಿ ನೋಡಿದೆ, ಜಗ್ಗಿ ನೋಡಿದೆ. ಕೊನೆಗೆ ಬಗ್ಗಿ ಹಲ್ಲು ಹಚ್ಚಿದೆ.